ನಡದಾಗಿನ ಗಾದಿ

ಮಕ್ತುಂಬೀಗೆ ನಡ ಹಿಡಿದದ್ದು ಗಾದಿ ಎತ್ತುವಾಗಲ್ಲ, ಅರಳೆಯ ಮೂಟೆ ಎಳೆಯುವಾಗಲೂ ಅಲ್ಲ. ಒಲೆಯ ಮುಂದೆ ಜಾರಿ ಬಿದ್ದ ಒಂದು ಬೆಳ್ಳುಳ್ಳಿ ಎಸಳು ತೆಗೆದುಕೊಳ್ಳಲು ಬಗ್ಗಿದಳು ನೋಡಿ, ಬಗ್ಗಿದವಳು ಬಗ್ಗಿದ ಹಾಗೇ ನಿಂತಳು. ಮೂವತ್ತು ವರ್ಷ ಗಾದಿ ಹೊಲಿದ ನಡ ಒಂದು ಬೆಳ್ಳುಳ್ಳಿ ಎಸಳಿಗೆ ಸೋತಿತು ಅಂದರೆ ಯಾರು ನಂಬಬೇಕು? ಸೊಸೆ ಅತೀಯಾ ಹಿಟ್ಟಿನ ಕೈಯಲ್ಲೇ ಓಡಿ ಬಂದು ಹಿಡಿದುಕೊಂಡಳು.

"ಅತ್ತಿ, ಏನಾತ್ರಿ?"

"ಏನಿಲ್ಲ, ನಡ ಹಿಡಕೊಂಡೈತಿ. ನೀ ಮೊದಲ ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕು, ಹೊತ್ತಾಕತ್ತೈತಿ."

ನೋವು ಹೊಸದಲ್ಲ. ಎರಡು ವರ್ಷದಿಂದ ನೆಂಟರ ಹಾಗೆ ಬರುತ್ತಿತ್ತು, ಎಂಟು ದಿನ ಇದ್ದು ಹೋಗುತ್ತಿತ್ತು. ಈ ಸಲ ಮಾತ್ರ ಗಂಟುಮೂಟೆ ಸಮೇತ ಬಂದು ಠಿಕಾಣಿ ಹೂಡಿತು.

ಮಸ್ಕಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನದಾಫರ ಮನೆ ಅಂದರೆ ಯಾರಾದರೂ ತೋರಿಸುತ್ತಾರೆ. ಮುಂದೆ ಅರಳೆ ಹಿಂಜುವ ಮಷೀನು, ಹಿಂದೆ ಸಂಸಾರ. ಯಜಮಾನ ಉಸ್ಮಾನ್‌ಸಾಬ್ ಅರಳೆ ಹಿಂಜಿ, ಗವುಸಿಗೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡುತ್ತಾನೆ. ಆಮೇಲಿನದು ಹೆಂಡತಿ ಮಕ್ತುಂಬೀಯ ಕೆಲಸ. ಗಾದಿಯ ಮೇಲೇ ಕುಕ್ಕರಗಾಲಲ್ಲಿ ಕೂತು, ನಡ ಬಗ್ಗಿಸಿ, ದಬ್ಬಣದಿಂದ ಸಾಲುಸಾಲಾಗಿ ಟಾಕಿ, ಅಂದರೆ ಅರಳೆಯನ್ನು ಹಿಡಿದಿಡುವ ಹೊಲಿಗೆ, ಹಾಕಬೇಕು. ಟಾಕಿ ಬಿಗಿಯಿಲ್ಲದ ಗಾದಿಯಲ್ಲಿ ಅರಳೆ ಒಂದು ಮೂಲೆಗೆ ಸರಿದು ಗುಡ್ಡೆ ಬೀಳುತ್ತದೆ. ಮಗ ಹಫೀಜ್ ತಯಾರಾದ ಗಾದಿಗಳನ್ನು ಆಟೋದಲ್ಲಿ ಹಾಕಿಕೊಂಡು ಊರೂರಿಗೆ ಮುಟ್ಟಿಸುತ್ತಾನೆ. ಮಗಳು ಶಾಕೀರಾ ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಗುರುಗುಂಟಾದ ಹುಡುಗನ ಜೊತೆ ಅವಳ ನಿಕಾಹ್ ನಿಶ್ಚಯವಾಗಿ, ಇನ್ನು ಹತ್ತು ವಾರ ಉಳಿದಿತ್ತು. ಉಸ್ಮಾನ್‌ಸಾಬನ ತಾಯಿ ರಾಜಾಬೀ ಎಂಬತ್ತು ದಾಟಿದವಳು, ಬಾಗಿಲ ಬಳಿ ಕೂತು ಎಲ್ಲರ ಕೆಲಸಕ್ಕೂ ಹೆಸರಿಡುತ್ತಾಳೆ.

ಈ ಕಡೆಯ ನದಾಫರಲ್ಲೊಂದು ರೂಢಿ. ಮದುವೆಯಾಗಿ ಹೋಗುವ ಮಗಳ ಗಾದಿಗೆ ತಾಯಿಯೇ ಟಾಕಿ ಹಾಕಬೇಕು, ಒಂದು ಟಾಕಿಯೂ ಬೇರೆ ಕೈಯಿಂದ ಬೀಳಬಾರದು. ಮುದಗಲ್ಲಿನಲ್ಲಿದ್ದ ಮಕ್ತುಂಬೀಯ ಅವ್ವ ಹಾಗೇ ಹಾಕಿ ಮಗಳನ್ನು ಈ ಮನೆಗೆ ಕಳಿಸಿದ್ದಳು. ಆ ಗಾದಿ ಹರಿದು ಎಷ್ಟೋ ವರ್ಷವಾಯಿತು, ಅವ್ವನೂ ಹೋದಳು. ಆದರೆ ಅವಳು ಹಾಕಿದ ಟಾಕಿಯ ದಾರದ ಒಂದು ತುಂಡು ಇವತ್ತಿಗೂ ಮಕ್ತುಂಬೀಯ ಟ್ರಂಕಿನಲ್ಲಿದೆ. ಹತ್ತು ವಾರದಲ್ಲಿ ಶಾಕೀರಾಳ ಗಾದಿ ಹೊಲಿಯುವುದು ಆದೀತೋ ಇಲ್ಲವೋ, ಅವಳಿಗೆ ನೋವಿಗಿಂತ ಅದೇ ದೊಡ್ಡ ಚಿಂತೆ.

ಮರುದಿನ ಗಂಡ ಹೆಂಡತಿ ಲಿಂಗಸುಗೂರಿನ ಎಲುಬಿನ ಡಾಕ್ಟರ ಹತ್ತಿರ ಹೋದರು. ನಡದ ಫೋಟೋ ತೆಗೆದರು. ಮಕ್ತುಂಬೀ ಒಳಗಿನ ಮಂಚದಿಂದ ಇಳಿದು ಸೆರಗು ಸರಿ ಮಾಡಿಕೊಳ್ಳುವುದರೊಳಗೆ ಡಾಕ್ಟರು ಉಸ್ಮಾನ್‌ಸಾಬನನ್ನು ಕರೆದು ಎಲ್ಲ ಹೇಳಿ ಮುಗಿಸಿದ್ದರು, ಹೊರಗೆ ಅಷ್ಟು ಜನ ಕಾಯುತ್ತಿದ್ದರು. ಇಲ್ಲಿ ಉಸ್ಮಾನ್‌ಸಾಬನ ಕಿವಿಯ ಹಕೀಕತ್ತನ್ನೂ ಹೇಳಬೇಕು. ಮಷೀನಿನ ಸದ್ದಿಗೆ ಅವು ಅರ್ಧ ಮುಚ್ಚಿಹೋಗಿ ಹತ್ತು ವರ್ಷ. ಕೇಳಿಸಿದಷ್ಟು ಕೇಳಿಸಿಕೊಂಡು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತಾನೆ, ಕೇಳಿಸಲಿಲ್ಲ ಅಂತ ಮಾತ್ರ ಒಪ್ಪುವುದಿಲ್ಲ.

ಬಸ್ಸಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತಿದ್ದವನು ಅರ್ಧ ದಾರಿ ದಾಟಿದ ಮೇಲೆ ಬಾಯಿ ಬಿಟ್ಟ.

"ಗಾದಿ ಸವದೈತಂತ."

"ಯಾರ ಗಾದಿ?"

"ಮತ್ಯಾರದು, ನಿಂದು. ನಿಮ್ಮ ಮನಿಯವರ ಗಾದಿ ಸವದು ತೆಳ್ಳಗಾಗ್ಯಾದ, ಎಲುಬಿಗೆ ಎಲುಬು ತಾಕಾಕತ್ತಾವ ಅಂದ್ರು. ಅಷ್ಟು ಮಂದಿ ಮುಂದ. ಗಾದಿ ಮಾಡೋ ನದಾಫಗ ಅನ್ನೋ ಮಾತೇನು ಇದು?"

ಮಕ್ತುಂಬೀಗೂ ಮಾತು ಖರೇ ಅನ್ನಿಸಿತು. ಊರಿಗೆಲ್ಲ ಗಾದಿ ಕೊಡುವ ಮನೆಯಲ್ಲಿ ಅವಳು ಮಲಗುವ ಗಾದಿ ಹನ್ನೊಂದು ವರ್ಷದ ಹಿಂದಿನದು. ಬೆರಳಿಟ್ಟು ಒತ್ತಿದರೆ ನೆಲ ಸಿಗುತ್ತಿತ್ತು.

"ಮತ್ತೇನಂದ್ರು?"

"ಗುಳಿಗಿ ಕೊಟ್ಟಾರ. ಆರಾಮ ಮಾಡ್ಬೇಕಂತ."

ಮನೆಗೆ ಬಂದವನು ಊಟಕ್ಕೂ ಕೂರಲಿಲ್ಲ. ಇದ್ದುದರಲ್ಲೇ ಉತ್ತಮ ಅರಳೆ ಆರಿಸಿದ, ಎರಡು ಸಲ ಹಿಂಜಿದ. ಎಂಟು ಕೆಜಿ ಸಾಕಾಗುವ ಗಾದಿಗೆ ಹದಿನೈದು ಕೆಜಿ ತುಂಬಿದ. ಟಾಕಿಯನ್ನೂ ತಾನೇ ಹಾಕಿದ. ಅವನ ಟಾಕಿ ಸಡಿಲ, ಅದು ಅವನಿಗೂ ಗೊತ್ತು. ಮರುದಿನ ಸಂಜೆ ಪಡಸಾಲೆಯ ಮಂಚದ ಮೇಲೆ ಆ ಗಾದಿ ಹಾಸಿದಾಗ ರಾಜಾಬೀ ಎದ್ದು ಬಂದು ಕೈಯಾಡಿಸಿ ನೋಡಿದಳು.

"ನಿಜಾಮನೂ ಇಂಥಾ ಗಾದಿ ಮ್ಯಾಲ ಮಲಗಿರಲಿಕ್ಕಿಲ್ಲ ಬೇ."

"ಮಲಗು," ಅಂದ ಉಸ್ಮಾನ್‌ಸಾಬ್ ಹೆಂಡತಿಗೆ. "ನಾ ಹೇಳೋತನಕ ಕಾಲು ಕೆಳಗ ಇಡಬ್ಯಾಡ."

ಮಕ್ತುಂಬೀ ಮಲಗಿದಳು. ಮಲಗಿದರೆ ಮೈ ಹೂತು ಹೋಯಿತು. ಮೊದಲ ಎರಡು ದಿನ ಸುಖವೋ ಸುಖ. ಮೂರನೆಯ ದಿನದಿಂದ ಮಗ್ಗುಲು ತಿರುಗಬೇಕಾದರೆ ಹಳ್ಳದೊಳಗಿಂದ ಮೇಲೆ ಹತ್ತಿದ ಹಾಗಾಯಿತು.

ಮನೆಯ ಲೆಕ್ಕವೇ ತಪ್ಪಿತು. ಅತೀಯಾ ಒಬ್ಬಳೇ ಎರಡು ಹೊತ್ತಿನ ರೊಟ್ಟಿ ಬಡಿಯಬೇಕು, ನೀರು ತುಂಬಬೇಕು, ಬಟ್ಟೆ ಒಗೆಯಬೇಕು, ಮಧ್ಯಾಹ್ನ ಟಾಕಿ ಹಾಕಬೇಕು. ಮೊದಲ ವಾರ ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ ಎಲ್ಲ ತಾಟಿನಲ್ಲಿ ಬರುತ್ತಿತ್ತು. ಮೂರನೆಯ ವಾರ ದಿನವೂ ಖಿಚಡಿ. ತಕರಾರು ತೆಗೆದವನು ಹಫೀಜ್ ಒಬ್ಬನೇ.

"ಇವತ್ತೂ ಖಿಚಡೇನಾ?"

"ನಿಮಗ ಎರಡು ಕೈ ಅದಾವಲ್ಲ, ಒಂದು ದಿನ ರೊಟ್ಟಿ ಬಡೀರಿ. ನಾನೂ ತಾಟಿನ ಮುಂದ ಕೂತು ಕೇಳ್ತೀನಿ," ಅಂದಳು ಅತೀಯಾ. ಹಫೀಜ್ ಖಿಚಡಿ ಉಂಡು ಎದ್ದ.

ದಿನಕ್ಕೆರಡು ಸಲ ರಾಜಾಬೀ ಹಂಚಿನ ಮೇಲೆ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಸೊಸೆಯ ನಡಕ್ಕೆ ಕಾವು ಕೊಡುತ್ತಿದ್ದಳು. ಮಕ್ತುಂಬೀಗೆ ಹಿತವೆನಿಸುತ್ತಿದ್ದದ್ದು ಅದೊಂದೇ. ಕಾಲುಗಳು ಸೋತವು. ಬಚ್ಚಲಿಗೆ ಹೋಗಿ ಬರುವುದರೊಳಗೆ ತೊಡೆ ನಡುಗುತ್ತಿತ್ತು. ಮಲಗಿ ಮಲಗಿ ಅವಳಿಗೆ ಒಂದೇ ಭಯ ಶುರುವಾಯಿತು: ಸವೆದದ್ದು ಸವೆದೇ ಹೋಯಿತು, ಇನ್ನು ಈ ಮಂಚವೇ ತನ್ನ ಮನೆ.

ಆ ಶುಕ್ರವಾರ ಊಟದ ಹೊತ್ತಿಗೆ ಹಫೀಜ್ ಮಾತು ತೆಗೆದ.

"ಅಪ್ಪ, ಸಿಂಧನೂರಾಗ ಫೋಮಿನ ಗಾದಿ ಚಲೋ ಬಂದಾವ. ಶಾಕೀರಾಗ ಒಂದು ತಂದುಬಿಡೋಣು. ಅವ್ವನ ಕೈಲೆ ಇನ್ನ ಆಗೋದಲ್ಲ."

ಉಸ್ಮಾನ್‌ಸಾಬ್ ತುತ್ತು ತಾಟಿಗೇ ಇಟ್ಟ. "ನದಾಫನ ಮಗಳು ಫೋಮಿನ ಗಾದಿ ಹೊತ್ಕೊಂಡು ಹ್ವಾದ್ರ ಗುರುಗುಂಟಾದವರು ನಗ್ತಾರಲೇ."

"ನಗಲಿ ಬಿಡು. ಮತ್ಯಾರು ಹೊಲೀತಾರ, ನೀ ಹೊಲೀತೀ ಏನು? ನಿನ್ನ ಟಾಕಿ ಆರು ತಿಂಗಳಕ್ಕ ಬಿಚ್ಚತಾವ."

"ಅತೀಯಾ ಹೊಲೀಲಿ."

"ಅತೀಯಾ ತಾಯಿ ಏನು?" ಅಂದಳು ರಾಜಾಬೀ ಬಾಗಿಲಿನಿಂದ. "ಈ ಮನ್ಯಾಗ ಹಂಗ ನಡದಿಲ್ಲ."

ಶಾಕೀರಾ ಎದ್ದು ಮಂಚದ ಹತ್ತಿರ ಬಂದು ಅವ್ವನ ಕಾಲ ಬಳಿ ಕೂತಳು. "ನನಗ ಯಾವ ಗಾದೀನೂ ಬ್ಯಾಡವ್ವ. ನೀ ಎದ್ದು ಓಡ್ಯಾಡಿದ್ರ ಸಾಕು."

"ನಾ ಸತ್ತಿಲ್ಲ ಇನ್ನ," ಅಂದಳು ಮಕ್ತುಂಬೀ. "ನನ್ನ ಮಗಳ ಗಾದಿ ನಾನ ಹೊಲೀತೀನಿ. ಯಾರೂ ಏನೂ ತರಬ್ಯಾಡ್ರಿ." ಹೇಳಿದಳೇನೋ ಸರಿ, ಏಳಲು ನೋಡಿದರೆ ಆಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಅತ್ತಳು.

ಅದು ಅತೀಯಾಳಿಗೆ ನಾಟಿತು. ಸಿಂಧನೂರಿನ ಹುಡುಗಿ ಅವಳು, ಕಾಲೇಜು ಕಂಡವಳು. ಮಾತು ಕಡಿಮೆ, ಕಣ್ಣು ಚುರುಕು. ತಾಟು ತೊಳೆದಿಟ್ಟು ಕಪಾಟಿನ ಮೇಲಿನಿಂದ ಆಸ್ಪತ್ರೆಯ ಚೀಟಿ ತೆಗೆದಳು. ಬೆಳಕಿಗೆ ಹಿಡಿದು ಓದಿದಳು, ಮತ್ತೊಮ್ಮೆ ಓದಿದಳು.

"ಮಾವ, ಡಾಕ್ಟರು ಆರಾಮ ಎಷ್ಟು ದಿನ ಅಂದಿದ್ರಿ?"

"ಆರಾಮ ಅಂದ್ರ ಆರಾಮ. ದಿನ ಏನು ಬಂತು ಅದ್ರಾಗ?"

"ಇಲ್ಲಿ ಎರಡು ದಿನ ಅಂತ ಬರದಾರ. ಆಮ್ಯಾಲ ದಿನಾ ನಡೀಬೇಕಂತ, ವ್ಯಾಯಾಮದವರ ಹಂತೇಲಿ ಹೋಗಬೇಕಂತ. ನೀವು ಇಪ್ಪತ್ತೊಂದು ದಿನ ಮಲಗಿಸೀರಿ."

ಉಸ್ಮಾನ್‌ಸಾಬ್ ಈ ಸಲ ಖರೇನೇ ಕೇಳಿಸದವನ ಹಾಗೆ ಎದ್ದು ಹೋಗಿ ಮಷೀನು ಹಚ್ಚಿದ.

ಮರುದಿನ ಅವನನ್ನೂ ಕರೆದುಕೊಂಡೇ ಸಿಂಧನೂರಿಗೆ ಹೊರಟರು. ಅತೀಯಾಳ ತಾಯಿ ಮೊಣಕಾಲು ನೋವಿಗೆ ಹೋಗುತ್ತಿದ್ದ ಶಿವಗಂಗಾ ಅನ್ನುವ ವ್ಯಾಯಾಮದ ಡಾಕ್ಟರಮ್ಮ ಅಲ್ಲಿದ್ದರು. ಮೂವತ್ತೈದರ ಹೆಂಗಸು, ಮಾತು ಜೋರು. ಮಕ್ತುಂಬೀಯನ್ನು ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಲ್ಲಿ ನಿಲ್ಲಿಸಿದರು, ಮಲಗಿಸಿ ಒಂದೊಂದೇ ಕಾಲು ಎತ್ತಿ ನೋಡಿದರು.

"ಕಾಲಾಗ ಜೋಮು ಹಿಡಿತಾದೇನ್ರಿ? ಕಾಲಿನ ಶಕ್ತಿ ಕಡಿಮಿ ಆಗ್ಯಾದೇನು? ಒಂದಕ್ಕ ಬರೋದು ಗೊತ್ತಾಗ್ತಾದಿಲ್ಲೋ?"

"ಜೋಮಿಲ್ರಿ. ಎಲ್ಲಾ ಗೊತ್ತಾಗ್ತೈತ್ರಿ. ಮಲಗಿ ಮಲಗಿ ಸೋತೀನಿ ಅಷ್ಟ."

"ಮಲಗಿದ್ದು ಯಾಕ?"

"ಗಾದಿ ಸವದಿತ್ತಲ್ರಿ. ಇವರು ಹೊಸಾದು ಮಾಡ್ಯಾರ, ಹದಿನೈದು ಕೆಜೀದು. ಆದ್ರೂ ಕಡಿಮಿ ಆಗವಲ್ದು."

ಶಿವಗಂಗಾ ಎತ್ತಿ ಹಿಡಿದಿದ್ದ ಕಾಲು ಕೆಳಗಿಟ್ಟರು. "ಯಾವ ಗಾದಿ?"

"ಮನಿ ಗಾದಿರಿ. ಲಿಂಗಸುಗೂರು ಡಾಕ್ಟರು ಹೇಳಿದ್ರಲ್ಲ," ಅಂದ ಉಸ್ಮಾನ್‌ಸಾಬ್.

ಡಾಕ್ಟರಮ್ಮ ನಗು ತಡೆಯಲು ಬಹಳ ಕಷ್ಟಪಟ್ಟರು, ಆಗಲಿಲ್ಲ. ಗೋಡೆಗೆ ತೂಗುಹಾಕಿದ್ದ ಬೆನ್ನೆಲುಬಿನ ಬೊಂಬೆ ಇಳಿಸಿ ಅವನ ಕೈಗೇ ಕೊಟ್ಟರು. "ಯಜಮಾನ್ರ, ಇಲ್ಲಿ ನೋಡ್ರಿ. ಎಲುಬು, ನಡುವ ಮೆತ್ತಗಿಂದು, ಮತ್ತ ಎಲುಬು. ಈ ಮೆತ್ತಗಿಂದಕ್ಕ ಡಿಸ್ಕ್ ಅಂತೀವಿ. ಮಂದಿಗೆ ತಿಳೀಲಿ ಅಂತ ಡಾಕ್ಟರು ಅದಕ್ಕ ಗಾದಿ ಅಂದಾರ. ಸವದದ್ದು ಇವರ ನಡದಾಗಿನ ಗಾದಿ, ನೀವು ಹೊಲದದ್ದಲ್ಲ."

ಅತೀಯಾ ಸೆರಗು ಬಾಯಿಗೆ ಒತ್ತಿಕೊಂಡಳು. ಮಕ್ತುಂಬೀ ಮಾತ್ರ ಜೋರಾಗಿ ನಕ್ಕುಬಿಟ್ಟಳು, ನಕ್ಕರೆ ನಡ ಚುಳಕ್ಕೆನ್ನುತ್ತಿತ್ತು, ಆದರೂ ನಕ್ಕಳು. ಮೂರು ವಾರದ ಮೇಲೆ ಮೊದಲ ನಗು ಅದು. ಉಸ್ಮಾನ್‌ಸಾಬ್ ಬೊಂಬೆಯನ್ನು ಹಿಂದೆ ಮುಂದೆ ತಿರುಗಿಸಿ, ಬೆರಳಿನಿಂದ ಒತ್ತಿ ನೋಡುತ್ತಿದ್ದ. ಗಾದಿ ಅಂದ ಮೇಲೆ ಅವನಿಗೆ ಅವಮಾನವೂ ಮರೆತು ಹೋಗುತ್ತದೆ.

"ಇದನ್ನ ಬಿಚ್ಚಿ, ಹಿಂಜಿ, ಮತ್ತ ತುಂಬಾಕ ಬರ್ತೈತೇನ್ರಿ?"

"ಬರಂಗಿಲ್ರಿ. ಆದ್ರ ಸವದೈತಿ ಅಂದಕೂಡ್ಲೆ ಎಲ್ಲಾ ಮುಗೀತು ಅಂತಲ್ಲ. ನಿಮ್ಮ ವಯಸ್ಸಿನ್ಯಾಗ ನಿಮ್ಮ ಫೋಟೋ ತಗದ್ರೂ ಸವದದ್ದು ಕಾಣಸ್ತಾದ. ನಿಮಗ ನಡ ನೋವು ಐತೇನು?"

"ಇಲ್ಲಲ್ರಿ."

"ನೋಡ್ರಿ ಮತ್ತ. ತಲಿ ಬೆಳ್ಳಗಾದಂಗ ಇದೂ ಆಗ್ತಾದ. ನಡಾ ಗಟ್ಟಿ ಇಟ್ಕೊಂಡ್ರ ಸವದ ಗಾದಿ ಮ್ಯಾಲ ಸಂಸಾರ ಮಾಡಬಹುದು. ಇವರನ್ನ ಮಲಗಿಸಿಟ್ಟು ಇದ್ದ ಬಲಾನೂ ಕಳದೀರಿ. ಬಳಸದ ಗಾದಿ ಒಂದೇ ಕಡೆ ಇಟ್ರ ಏನಾಗ್ತಾದ, ನಿಮಗ ಗೊತ್ತಿರಬೇಕಲ್ಲ?"

"ಗಂಟು ಕಟ್ತೈತ್ರಿ," ಅಂದ ಉಸ್ಮಾನ್‌ಸಾಬ್ ಮೆಲ್ಲಗೆ. "ಬಿಸಲಿಗೆ ಹಾಕಿ ಕೋಲಿಲೆ ಬಡದ್ರ ಮತ್ತ ಹಗುರಾಗ್ತೈತಿ."

"ಇವರಿಗೆ ಕೋಲು ಬ್ಯಾಡ್ರಿ. ನಡಿಗಿ ಸಾಕು."

ಶಿವಗಂಗಾ ಮಕ್ತುಂಬೀಯನ್ನು ಚಾಪೆಯ ಮೇಲೆ ಮಲಗಿಸಿ, ಮೊಣಕಾಲು ಮಡಿಸಿ ಸೊಂಟ ಎತ್ತುವುದನ್ನು ಕಲಿಸಿದರು. ಯಾವ ಕೆಲಸಕ್ಕೇ ಕೂತರೂ ಇಪ್ಪತ್ತು ನಿಮಿಷಕ್ಕೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು ಅಂದರು. ಭಾರ ಎತ್ತುವುದಿದ್ದರೆ ಮೊಣಕಾಲು ಮಡಿಸಿ ಎದೆಗೆ ಒತ್ತಿಕೊಂಡು ಎತ್ತಬೇಕು. ಹದಿನೈದು ಕೆಜಿಯ ಗಾದಿ ಬೇಡ, ಹೂತು ಹೋಗದಂಥ ಗಟ್ಟಿ ಗಾದಿ ಸಾಕು. ರಾಜಾಬೀಯ ಉಪ್ಪಿನ ಕಾವಿನ ಸುದ್ದಿ ಕೇಳಿ, ಚರ್ಮ ಸುಡದ ಹಾಗೆ ನೋಡಿಕೊಂಡು ಅದನ್ನು ಮುಂದುವರಿಸಿರಿ ಅಂದರು. ಮನೆಯಲ್ಲಿ ಆ ಮಾತು ಕೇಳಿದ ರಾಜಾಬೀ ಒಂದು ವಾರ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ.

"ನೋವು ಪೂರಾ ಹೋಗ್ತೈತೇನ್ರಿ?" ಹೊರಡುವಾಗ ಮಕ್ತುಂಬೀ ಕೇಳಿದ್ದಳು.

"ಸುಳ್ಳು ಹೇಳಂಗಿಲ್ಲ. ಬರ್ತಿರ್ತಾದ, ಹೋಗ್ತಿರ್ತಾದ. ಅದು ಇದ್ದಾಗ್ಲೂ ನಿಮ್ಮ ಕೆಲಸ ನಿಮಗ ಆಗೋಹಂಗ ಮಾಡೋಣು. ಒಂದು ನೆನಪಿಡ್ರಿ, ಒಳ್ಳೇ ದಿನ ಬಂದಾಗ ಭಾಳ ಹುಷಾರಿರಬೇಕು."

ಕೊನೆಯ ಮಾತು ಅವಳಿಗೆ ಆವತ್ತು ಅರ್ಥವಾಗಲಿಲ್ಲ.

ನಡಿಗೆ ಶುರುವಾಯಿತು. ಮೊದಲ ದಿನ ಮಸೂತಿಯ ಮೂಲೆಯವರೆಗೆ, ಶಾಕೀರಾಳ ಭುಜ ಹಿಡಿದು. ವಾರದ ಕೊನೆಗೆ ಶಾಲೆಯವರೆಗೆ. ಎರಡನೆಯ ವಾರ ಒಬ್ಬಳೇ ಹಳ್ಳದ ಸೇತುವೆಯ ತನಕ ಹೋಗಿ ಬಂದಳು. ಪಡಸಾಲೆಯಲ್ಲಿ ಚಾಪೆ ಹಾಸಿ ಸೊಂಟ ಎತ್ತುವುದನ್ನು ಮೊದಲ ಸಲ ನೋಡಿದ ರಾಜಾಬೀ ಗದ್ದಕ್ಕೆ ಕೈಯಿಟ್ಟಳು.

"ಯವ್ವಾ, ಮಗಳ ಲಗ್ನ ಮಾಡೋ ವಯಸ್ಸಿನ್ಯಾಗ ಏನು ಚೆಂದಲೇ ಇದು. ಬಾಗಿಲರ ಹಾಕ್ರಿ, ಮಂದಿ ನೋಡ್ಯಾರು."

"ನೋಡಲಿ ಅತ್ತಿ. ನೀವು ಸುಮ್ನ ಕೂಡಬ್ಯಾಡ್ರಿ, ಹತ್ತು ಎಣಿಸ್ರಿ."

ಬಯ್ಯುತ್ತಲೇ ಎಣಿಸಿದಳು. ನಾಲ್ಕು ದಿನದಲ್ಲಿ ಎಣಿಸುವುದು ಅವಳದೇ ಹಕ್ಕಾಯಿತು, ಹೊತ್ತಾದರೆ ತಾನೇ ಕೂಗಿ ಕರೆಯುತ್ತಿದ್ದಳು. ನೀರಿನ ಕೊಡಗಳು ಹಫೀಜನ ಪಾಲಿಗೆ ಬಂದವು. ಮಕ್ತುಂಬೀ ನಿಂತುಕೊಂಡೇ ಪಲ್ಯ ಹೆಚ್ಚುತ್ತಿದ್ದಳು, ಒಗ್ಗರಣೆ ಹಾಕುತ್ತಿದ್ದಳು. ಖಿಚಡಿ ಹೋಗಿ ಪುಂಡಿಪಲ್ಯ ತಾಟಿಗೆ ವಾಪಸು ಬಂತು.

ನಿಕಾಹ್‌ಗೆ ಇನ್ನೂ ನಾಲ್ಕು ವಾರ ಇರುವಾಗ ಒಂದು ಬೆಳಗ್ಗೆ ಎದ್ದರೆ ನೋವೇ ಇಲ್ಲ. ಹುಡುಕಿದರೂ ಸಿಗಲಿಲ್ಲ. ಉಸ್ಮಾನ್‌ಸಾಬ್ ಮತ್ತು ಹಫೀಜ್ ಗಾದಿ ಮುಟ್ಟಿಸಲು ಸಂತೆಕಲ್ಲೂರಿಗೆ ಹೋಗಿದ್ದರು, ಅತೀಯಾ ಗಿರಣಿಗೆ ಹೋಗಿದ್ದಳು. ಅಂಗಡಿಯಲ್ಲಿ ಟಾಕಿಗೆ ಕಾಯುತ್ತ ಎರಡು ಗಾದಿ ಬಿದ್ದಿದ್ದವು. ಮಕ್ತುಂಬೀ ದಬ್ಬಣ ಹುಡುಕಿ ತೆಗೆದಳು. ಒಂದು ಸಾಲು ಹಾಕಿ ನೋಡೋಣ, ಮಗಳ ಗಾದಿಗೆ ಕೈ ತಯಾರಾಗಬೇಡವೇ ಅಂದುಕೊಂಡು ಗಾದಿಯ ಮೇಲೆ ಕೂತಳು. ಒಂದು ಸಾಲು ಎರಡಾಯಿತು. ಕೈ ತನ್ನ ಪಾಡಿಗೆ ತಾನು ಓಡಿತು. ಎರಡನೆಯ ಗಾದಿಯ ಅರ್ಧಕ್ಕೆ ಬಂದಾಗ ಬಾಂಗ್ ಕೇಳಿಸಿ ಏಳಲು ನೋಡಿದಳು, ನಡ ಬಿಡಲಿಲ್ಲ. ಬೆಳ್ಳುಳ್ಳಿ ಎಸಳಿನ ದಿನಕ್ಕಿಂತ ಹೆಚ್ಚು ನೋವು. ಅಲ್ಲೇ ಗಾದಿಯ ಮೇಲೆ ಹೊರಳಿ ಬಿದ್ದವಳನ್ನು ಅತೀಯಾ ಬಂದು ನೋಡಿದಳು.

ಊರಿನಿಂದ ಬಂದ ಉಸ್ಮಾನ್‌ಸಾಬ್ ಮನೆ ಮಾಳಿಗೆ ಹಾರುವ ಹಾಗೆ ಕೂಗಾಡಿದ. "ಯಾರು ಹೇಳಿದ್ರು ನಿನಗ ಕೂಡು ಅಂತ? ಗಾದಿನೂ ಬ್ಯಾಡ, ಟಾಕಿನೂ ಬ್ಯಾಡ. ಹಫೀಜ್, ಫೋನ್ ಹಚ್ಚಲೇ ಸಿಂಧನೂರಿಗೆ. ಆ ಫೋಮಿಂದು ಕಳಸು ಅನ್ನು."

ಹಫೀಜ್ ಫೋನು ತೆಗೆದ. ಮಕ್ತುಂಬೀ ಕಣ್ಣು ಮುಚ್ಚಿಕೊಂಡಳು. ಇನ್ನು ಮುಗಿಯಿತು ಅಂತ ಅವಳಿಗೂ ಅನ್ನಿಸಿತ್ತು.

"ಒಂದು ಗಳಿಗಿ ನಿಂದರ್ರಿ," ಅಂದಳು ಅತೀಯಾ. ಗಂಡನ ಕೈಯಿಂದ ಫೋನು ಕಸಿದುಕೊಂಡು ಶಿವಗಂಗಾಗೆ ಹಚ್ಚಿ ಅತ್ತೆಯ ಕಿವಿಗೆ ಹಿಡಿದಳು. ಅದೇ ಪ್ರಶ್ನೆಗಳು. ಜೋಮು ಇಲ್ಲ, ಕಾಲಿನ ಬಲ ಇದೆ, ಒಂದಕ್ಕೆ ಹೋಗುವುದಕ್ಕೆ ತೊಂದರೆ ಇಲ್ಲ.

"ಹಂಗಾದ್ರ ಹೆದರಬ್ಯಾಡ್ರಿ. ಹಿಂಗ ಆಗೋದ. ಎಷ್ಟು ಹೊತ್ತು ಕೂತಿದ್ರಿ?"

"ಮೂರು ತಾಸು ಆಗಿರಬೇಕ್ರಿ."

"ನಾ ಎಷ್ಟು ಹೇಳಿದ್ದೆ?"

"ಇಪ್ಪತ್ತು ನಿಮಿಷ." ಶಾಲೆ ಹುಡುಗಿಯ ಹಾಗೆ ಹೇಳಿದಳು.

"ಇವತ್ತು ಕಾವು ಕೊಡ್ರಿ, ನಾಳಿಂದ ಮನ್ಯಾಗ ಮೆಲ್ಲಕ ನಡೀರಿ, ಮಲಗಿಬಿಡಬ್ಯಾಡ್ರಿ. ಹಿಂದ ಹೋಗಿದ್ದು ನಾಕು ಹೆಜ್ಜಿ ಅಷ್ಟ. ಮತ್ತ ನೆಲದ ಮ್ಯಾಲ ಕೂಡೋದು ಬಿಡ್ರಿ. ನೀವು ಗಾದಿ ಹಂತೇಲಿ ಕೆಳಗ ಹೋಗಬ್ಯಾಡ್ರಿ, ಗಾದಿ ನಿಮ್ಮ ಹಂತೇಲಿ ಮ್ಯಾಲ ಬರಲಿ. ನಿಂತು ಹೊಲೀರಿ."

ನಿಂತು ಹೊಲಿಯುವ ಮಾತನ್ನು ಅತೀಯಾ ಜೋರಾಗಿ ತಿಳಿಸಿದಾಗ ಉಸ್ಮಾನ್‌ಸಾಬನಿಗೆ ಮೊದಲ ಸಿಟ್ಟಿನ ಮೇಲೆ ಇನ್ನೊಂದು ಸಿಟ್ಟು ಬಂತು.

"ಮೇಜಿನ ಮ್ಯಾಲ ಇಟ್ಟು ಹೊಲಿಯಾಕ ಅದೇನು ಪ್ಯಾಂಟೇನು? ಗಾದಿ ಮ್ಯಾಲ ಕೂತ್ರ ಮೈ ಭಾರ ಬಿದ್ದು ಅರಳಿ ತಗ್ಗತೈತಿ, ಆವಾಗ ದಾರ ಎಳದ್ರ ಟಾಕಿ ಬಿಗೀತೈತಿ. ನಿಂತ್ರ ಭಾರ ಯಾರು ಹಾಕ್ತಾರ? ಸಡಿಲ ಟಾಕಿ ಗಾದಿ ಒಯ್ದು ಮಗಳು ಏನು ಮಾಡ್ಲಿ?"

ಮೇಲ್ನೋಟಕ್ಕೆ ಮಾತು ಸರಿಯೇ ಇತ್ತು. ಮಕ್ತುಂಬೀ ಮಲಗಿದಲ್ಲಿಂದಲೇ ಅಂದಳು, "ಭಾರ ನೀವು ಹಾಕ್ರಿ."

"ಏನು?"

"ಭಾರ ನೀವು ಹಾಕ್ರಿ ಅಂದೆ. ನಾ ದಬ್ಬಣ ಹಾಕೋ ಕಡೆ ನೀವು ಎರಡೂ ಅಂಗೈ ಇಟ್ಟು ಒತ್ತಿ ಹಿಡೀರಿ. ದಾರ ಎಳ್ಯೋದು, ಗಂಟು ಹಾಕೋದು ನಂದು. ಟಾಕಿ ನಂದ ಆಗ್ತೈತಿ."

ಉಸ್ಮಾನ್‌ಸಾಬ್ ತಾಯಿಯ ಕಡೆ ನೋಡಿದ. ರೂಢಿಯ ಮಾತು ಅಂದರೆ ಕೊನೆಯ ಮಾತು ರಾಜಾಬೀಯದು. ಅವಳು ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ತಾಯಿ ಟಾಕಿ ಹಾಕಬೇಕಂತ ಹೇಳ್ಯಾರ. ತಂದಿ ಒತ್ತಬಾರದಂತ ಯಾರೂ ಹೇಳಿಲ್ಲ," ಅಂದಳು.

ಅವನು ಹಿತ್ತಲಿಗೆ ಹೋದ. ಹಫೀಜ್ ಅತೀಯಾಳಿಂದ ಫೋನು ವಾಪಸು ಇಸಿದುಕೊಂಡು ನಿಂತಿದ್ದ. "ಅಪ್ಪ, ಫೋಮಿಂದು ಏನು ಮಾಡ್ಲಿ?"

"ಫೋನ್ ಕಿಸೇದಾಗ ಇಟ್ಟು ಇಲ್ಲಿ ಬಾ. ಬಾಗಿಲ ಹಿಡಿ."

ಮಾಳಿಗೆ ಕೆಡವಿ ಹೊಸ ಛತ್ತು ಹಾಕಿಸಿದಾಗ ತೆಗೆದಿಟ್ಟ ಹಳೆಯ ತಲಬಾಗಿಲು ಹಿತ್ತಲಲ್ಲಿತ್ತು, ಸಾಗವಾನಿಯದು. ಅದನ್ನು ಉಜ್ಜಿ ತೊಳೆದರು. ಮೂರನೆಯ ದಿನ ಮಕ್ತುಂಬೀ ಎದ್ದು ಓಡಾಡುವ ಹಾಗಾದಾಗ ಉಸ್ಮಾನ್‌ಸಾಬ್ ಅವಳನ್ನು ಅಂಗಡಿಯ ನಡುವೆ ನಿಲ್ಲಿಸಿದ. ನೆಲದಿಂದ ಗೇಣು ಹಾಕುತ್ತ ಮೊಳಕೈಯ ತನಕ ಅಳೆದ, ಗಾದಿಯ ದಪ್ಪ ಕಳೆದ. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಎತ್ತರ ಅವನು ಅಳೆದದ್ದು ಅದೇ ಮೊದಲು.

"ಇಷ್ಟ ಏನು ನೀ? ಎತ್ತರ ಅದೀ ಅಂತ ತಿಳಕೊಂಡಿದ್ದೆ," ಅಂದ.

"ಬಗ್ಗಿ ಬಗ್ಗಿ ಗಿಡ್ಡ ಆಗೀನಿ," ಅಂದಳು ಅವಳು.

ಇಟ್ಟಿಗೆ ಜೋಡಿಸಿ ಅವುಗಳ ಮೇಲೆ ಬಾಗಿಲು ಹಾಸಿ ಮೇಜು ಮಾಡಿದರು. ಇನ್ನು ಅರಳೆ. ಉಸ್ಮಾನ್‌ಸಾಬ್ ಹೊಸ ಮೂಟೆ ಬಿಚ್ಚಲಿಲ್ಲ. ಒಳಗೆ ಹೋಗಿ ಮಂಚದ ಕೆಳಗೆ ಸುತ್ತಿ ಇಟ್ಟಿದ್ದ ಆ ಹದಿನೈದು ಕೆಜಿಯ ಗಾದಿ ಎಳೆದುಕೊಂಡು ಬಂದು ಹೊಲಿಗೆ ಬಿಚ್ಚಿದ. ನಡುವೆ ಒಂದು ತಗ್ಗು ಬಿದ್ದಿತ್ತು, ಆ ತಗ್ಗಿನಲ್ಲಿ ಅರಳೆ ಗಂಟುಗಂಟಾಗಿ ಕಲ್ಲಾಗಿತ್ತು. ಮೂರು ವಾರ ಅವಳು ಮಲಗಿದ ಜಾಗ. ಅದರ ಮೇಲೆ ಕೈಯಾಡಿಸಿದ.

"ನನ್ನ ತಪ್ಪು," ಅಂದ. "ಕೇಳಿಸಲಿಲ್ಲ ಅಂತ ಅವತ್ತ ಅನಬೇಕಾಗಿತ್ತು."

"ಮಾಡಿದ್ದು ನನ್ನ ಸಲುವಾಗೇ ಅಲ್ಲೇನು, ಬಿಡ್ರಿ," ಅಂದಳು ಮಕ್ತುಂಬೀ. "ಅರಳಿ ಚಲೋ ಐತಿ. ಹಿಂಜ್ರಿ, ಮಗಳಿಗೆ ಆಗ್ತೈತಿ."

ಹಿಂಜಿದ ಮೇಲೆ ಗಂಟೆಲ್ಲ ಒಡೆದು ಅರಳೆ ಉಬ್ಬಿ ಅಂಗಡಿ ತುಂಬಿತು. ಶಾಕೀರಾ ಆರಿಸಿದ ನೇರಳೆ ಬಣ್ಣದ ಗವುಸಿಗೆ ತೂಗಿ ಎಂಟು ಕೆಜಿ ತುಂಬಿದರು. ಉಳಿದದ್ದರಲ್ಲಿ ಮಕ್ತುಂಬೀಗೇ ಒಂದು ತೆಳು ಗಟ್ಟಿ ಗಾದಿಯಾಯಿತು.

ಒಂದು ಗಾದಿಗೆ ಅವಳು ಮೊದಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದಳು. ಇದಕ್ಕೆ ಹದಿನಾರು ದಿನ ಹಿಡಿಯಿತು. ಇಪ್ಪತ್ತು ನಿಮಿಷ ಹೊಲಿಯಬೇಕು, ಮೊಬೈಲು ಬಡಿದುಕೊಂಡಕೂಡಲೇ ದಬ್ಬಣ ಚುಚ್ಚಿಟ್ಟು ಹೊರಗೆ ಓಣಿಯ ತುದಿಯ ತನಕ ನಡೆದು ಬರಬೇಕು. ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ, ಅಷ್ಟೇ. ಒಳ್ಳೇ ದಿನವಿದ್ದರೂ ಅಷ್ಟೇ. ಇನ್ನೊಂದು ಸಾಲು ಅಂತ ಅವಳು ಆಸೆ ಮಾಡಿದರೆ ಬಾಗಿಲ ಬಳಿಯ ರಾಜಾಬೀ ಬಿಡುತ್ತಿರಲಿಲ್ಲ.

"ಸಾಕು ಬೇ, ದಬ್ಬಣ ಇಡು. ನಡಿ ಹೊರಗ."

"ಕೆಲಸದ ನಡುವ ಏಳಬಾರದಂತ ನೀವ ಕಲಸಿದ್ರಿ ಅತ್ತಿ."

"ಆವಾಗ ಹೇಳಿದ್ದೆ. ಈಗ ಹಿಂಗ ಹೇಳಾಕತ್ತೀನಿ. ನಡಿ."

ಗಾದಿ ಕೊಳ್ಳಲು ಬಂದವರು ಗಂಡಹೆಂಡಿರು ಮೇಜಿನ ಎರಡೂ ಬದಿಗೆ ನಿಂತು ಹೊಲಿಯುವುದನ್ನು ನೋಡಿ ನಕ್ಕರು. ಉಸ್ಮಾನ್‌ಸಾಬ್ ತಲೆಯೆತ್ತಲಿಲ್ಲ. ಅವನಿಗೆ ಈಗ ಎಲ್ಲಿ ಒತ್ತಬೇಕು ಅಂತ ಹೇಳಬೇಕಾಗಿರಲಿಲ್ಲ, ದಬ್ಬಣದ ತುದಿ ತಿರುಗಿದ ಕಡೆ ಅಂಗೈ ಮೊದಲೇ ಹೋಗಿರುತ್ತಿತ್ತು. ಎಂಟನೆಯ ದಿನ ಹಫೀಜ್ ಹೊಲಿದಷ್ಟನ್ನು ಎರಡು ಬೆರಳಿನಲ್ಲಿ ಎಳೆದು ನೋಡಿದ. ಒಂದು ಟಾಕಿಯೂ ಮಿಸುಕಲಿಲ್ಲ. ಇಂಥ ಇನ್ನೊಂದು ಮೇಜು ಮಾಡಿದರೆ ಅತೀಯಾಗೂ ಆಗುತ್ತದಲ್ಲ ಅಂದ. ಅಷ್ಟರಮಟ್ಟಿಗೆ ಬುದ್ಧಿ ಬಂದಿತ್ತು ಅವನಿಗೆ.

ನಿಕಾಹ್‌ಗೆ ನಾಲ್ಕು ದಿನ ಇರುವಾಗ ಕೊನೆಯ ಸಾಲು ಬಂತು. ಮನೆಯ ತುಂಬ ನೆಂಟರು, ಒಲೆಯ ಮೇಲೆ ದೊಡ್ಡ ಪಾತ್ರೆ. ಶಾಕೀರಾ ಗೋರಂಟಿ ಹಚ್ಚಿದ ಕೈಗಳನ್ನು ಗಾಳಿಗೆ ಹಿಡಿದುಕೊಂಡು ಬಂದು ಮೇಜಿನ ಪಕ್ಕ ನಿಂತಳು. ಮಕ್ತುಂಬೀ ಟ್ರಂಕಿನಿಂದ ತಂದಿದ್ದ ತನ್ನ ಅವ್ವನ ದಾರದ ತುಂಡನ್ನು ಹೊಸ ದಾರಕ್ಕೆ ಸೇರಿಸಿ ಹೊಸೆದು ದಬ್ಬಣಕ್ಕೆ ಪೋಣಿಸಿದಳು. ಆವತ್ತು ಬೆಳಗಿನಿಂದ ನಡ ಸ್ವಲ್ಪ ಬಿಗಿದಿತ್ತು. ಅವಳು ದಬ್ಬಣ ಇಳಿಸುವಾಗ ತುಟಿ ಕಚ್ಚಿದ್ದನ್ನು ಮಗಳು ಕಂಡಳು.

"ಅವ್ವಾ, ನೋವೈತೇನು?"

"ಐತಿ."

"ಮತ್ತ, ನಾಳಿಗೆ ಬಿಡು."

"ಅದು ನಾಳಿಗೂ ಇರ್ತೈತಿ. ಇರಲಿ ಬಿಡು, ಹೆಂಗ ಸಂಭಾಳಸಬೇಕು ಅನ್ನೋದು ನನಗ ಈಗ ಗೊತ್ತೈತಿ." ಮೊಬೈಲು ನೋಡಿದಳು, ಇನ್ನೂ ಮೂರು ನಿಮಿಷ ಉಳಿದಿತ್ತು. ಗಂಡನಿಗೆ ಎಂದಿನ ಮೆಲುದನಿಯಲ್ಲೇ ಅಂದಳು, "ಇಲ್ಲೊಂದೀಟು ಒತ್ತಿ ಹಿಡೀರಿ."

ಹೊರಗೆ ನೆಂಟರ ಗದ್ದಲ, ಒಳಗೆ ಪಾತ್ರೆಗಳ ಸದ್ದು. ಉಸ್ಮಾನ್‌ಸಾಬನಿಗೆ ಸರಿಯಾಗಿಯೇ ಕೇಳಿಸಿತು. ಎರಡೂ ಅಂಗೈ ಊರಿ ಒತ್ತಿ ಹಿಡಿದ. ಮಕ್ತುಂಬೀ ದಾರ ಎಳೆದು ಗಂಟು ಹಾಕಿದಳು.